ಕೊರಳಿಗೆ ಬುಟ್ಟಿ ಹಾಕಿಕೊಂಡ ಹಂಡ

ಒಂದು ಕೆರೆ. ಕೆರೆಯ ಆಚೆಗೆ ಒಂದು ಕಾಡು. ಕಾಡು ಎಂದ ಕೂಡಲೇ ಆನೆ ಬರುತ್ತದೆ, ಹುಲಿ ಬರುತ್ತದೆ ಎಂದು ಕಣ್ಣರಳಿಸಬೇಡಿ ಮಕ್ಕಳೇ. ಅದು ಬರೀ ಕುರುಚಲು ಕಾಡು. ಜಾಲಿ ಗಿಡ, ಕಾರೆ ಪೊದೆ, ನಡುನಡುವೆ ಕಲ್ಲುಗುಡ್ಡೆ. ಅಲ್ಲಿ ಮೊಲಗಳಿದ್ದವು, ನರಿಗಳಿದ್ದವು, ಒಂದು ತೋಳವೂ ಇತ್ತು. ಕೆರೆಗೂ ಕಾಡಿಗೂ ನಡುವಿನ ಬಯಲಿನಲ್ಲಿ ಆ ವರ್ಷ ಒಂದು ಕುರಿಮಂದೆ ಬಂದು ಬೀಡು ಬಿಟ್ಟಿತ್ತು.

ಮಂದೆಗೆ ಒಬ್ಬ ಯಜಮಾನನಿದ್ದ. ಒಳ್ಳೆಯವನೇ. ಆದರೆ ಇದು ಅವನ ಕತೆಯಲ್ಲ. ಅವನು ಅಲ್ಲೊಮ್ಮೆ ಇಲ್ಲೊಮ್ಮೆ ಬಂದು ಹೋಗುತ್ತಾನೆ, ಅಷ್ಟೇ. ಕತೆ ಇರುವುದು ಒಂದು ನಾಯಿ, ಒಂದು ಕುರಿ, ಒಂದು ಹೋತದ್ದು.

ನಾಯಿಯ ಹೆಸರು ಹಂಡ. ಬಿಳಿ ಮೈಯ ಮೇಲೆ ದೊಡ್ಡ ದೊಡ್ಡ ಕರಿ ಮಚ್ಚೆ ಇದ್ದದ್ದರಿಂದ ಆ ಹೆಸರು. ಗಟ್ಟಿ ಆಳು. ತೋಳದ ವಾಸನೆ ಬಂದರೆ ಮೈಯೆಲ್ಲ ಕೂದಲು ನಿಮಿರಿಸಿ ನಿಲ್ಲುತ್ತಿದ್ದ. ಆದರೆ ಅವನಲ್ಲಿ ಒಂದು ದೋಷವಿತ್ತು. ತನ್ನವರು ಯಾರೇ ಏನೇ ಮಾಡಿದರೂ ಬೇಡ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಮರಿಗಳು ಬೆನ್ನ ಮೇಲೆ ಹತ್ತಿ ಕುಣಿದರೆ ಸುಮ್ಮನೆ ಮಲಗಿರುತ್ತಿದ್ದ. ಕಾಗೆ ಬಂದು ಅವನ ಮುದ್ದೆಯಲ್ಲಿ ಪಾಲು ಕೇಳಿದರೆ ಸರಿದು ಜಾಗ ಕೊಡುತ್ತಿದ್ದ. ಅಷ್ಟೊಂದು ದಾಕ್ಷಿಣ್ಯ.

ಕುರಿಯ ಹೆಸರು ಕೆಂಚಕ್ಕ. ಕೆಂಚು ಉಣ್ಣೆ, ಅಗಲ ಕಿವಿ. ಮಾತು ಜಾಸ್ತಿ, ಪ್ರೀತಿ ಅದಕ್ಕಿಂತ ಜಾಸ್ತಿ. ಅವಳಿಗೆ ಸಿರಿ ಎಂಬ ಒಂದೇ ಒಂದು ಮರಿ.

ಇನ್ನು ಹೋತ ಭರಮಣ್ಣ. ಕುರಿಮಂದೆಯಲ್ಲಿ ಹೋತಕ್ಕೇನು ಕೆಲಸ ಎನ್ನುತ್ತೀರಾ? ಅದನ್ನು ಭರಮಣ್ಣನ ಬಾಯಲ್ಲೇ ಕೇಳಬೇಕು. "ಇಷ್ಟೊಂದು ಕುರಿಗಳ ನಡುವೆ ಒಬ್ಬನಿಗಾದರೂ ತಲೆ ಇರಬೇಕಲ್ಲ, ಅದಕ್ಕೇ ನನ್ನನ್ನು ಇಟ್ಟಿದ್ದಾರೆ" ಎನ್ನುತ್ತಿದ್ದ. ಸಿಡುಕು ಮೂತಿಯವನು. ಯಾರಾದರೂ ಹತ್ತಿರ ಬಂದು ಮೈ ತಾಗಿಸಿದರೆ ಕೊಂಬು ಬಗ್ಗಿಸುವುದೇ ಅವನಿಗೆ ಗೊತ್ತಿದ್ದ ಮರ್ಯಾದೆ.

ಒಂದು ಸಂಜೆ ಕುರಿಗಳೆಲ್ಲ ಕೆರೆಯಲ್ಲಿ ನೀರು ಕುಡಿಯುತ್ತಿದ್ದವು. ಸಿರಿ ಮಾತ್ರ ಒಂದು ಚಿಟ್ಟೆಯ ಹಿಂದೆ ಬಿದ್ದು ಪೊದೆಗಳ ಕಡೆ ಹೋದಳು. ಪೊದೆಯೊಳಗೆ ತೋಳ ಕೂತಿತ್ತು.

ಸಿರಿ ಕೂಗಿದ್ದು ಕೆಂಚಕ್ಕನಿಗೆ ಕೇಳಿಸಿತು. ಆದರೆ ಅವಳ ಕಾಲು ಏಳಲಿಲ್ಲ. ಭಯಕ್ಕೆ ಹಾಗಾಗುತ್ತದೆ. ಕೂಗು ಹಂಡನಿಗೂ ಕೇಳಿಸಿತ್ತು. ಅವನು ಓಡಿದ ರಭಸಕ್ಕೆ ಬಯಲಿನ ಧೂಳೆಲ್ಲ ಎದ್ದಿತು. ತೋಳದ ಹಲ್ಲು ಇನ್ನೇನು ಸಿರಿಯ ಕುತ್ತಿಗೆಗೆ ತಾಗಬೇಕು, ಅಷ್ಟರಲ್ಲಿ ಹಂಡ ಅದರ ಮೇಲೆ ಬಿದ್ದ. ಎರಡೂ ಉರುಳಿದವು. ತೋಳ ಹಂಡನ ಹಿಂಗಾಲಿನ ತೊಡೆಗೆ ಬಾಯಿ ಹಾಕಿತು. ಹಂಡ ಅದರ ಕಿವಿಯನ್ನು ಬಿಡಲಿಲ್ಲ. ಕೊನೆಗೆ ತೋಳವೇ ಕೊಸರಿಕೊಂಡು ಕಾಡಿಗೆ ಓಡಿತು. ಓಡುವಾಗ ದಾರಿಗೆ ಅಡ್ಡ ಸಿಕ್ಕ ಭರಮಣ್ಣನ ಬೆನ್ನನ್ನು ಉಗುರಿನಿಂದ ಗೀರಿ ಹೋಯಿತು.

"ಭರಮಣ್ಣ, ನೀನೂ ತೋಳದ ಜೊತೆ ಹೋರಾಡಿದೆಯಾ?" ಎಂದು ಕುರಿಗಳು ಕೇಳಿದವು.

"ಹೋರಾಟ ಎಲ್ಲಿಯದು? ನಾನು ಓಡಿಹೋಗ್ತಿದ್ದೆ. ಅದೂ ಓಡಿಹೋಗ್ತಿತ್ತು. ಇಬ್ಬರೂ ಒಂದೇ ಕಡೆ ಓಡಿದ್ದು ತಪ್ಪಾಯ್ತು" ಎಂದ ಭರಮಣ್ಣ. ಸಿಡುಕನಾದರೂ ಸುಳ್ಳು ಹೇಳುವವನಲ್ಲ.

ಯಜಮಾನ ಹಂಡನ ಗಾಯವನ್ನು ಕಾಯಿಸಿ ಆರಿಸಿದ ನೀರಿನಿಂದ ತೊಳೆದ. ಪೇಟೆಯ ದನದ ಡಾಕ್ಟರ ಹತ್ತಿರ ಹೋಗಿ ಮುಲಾಮು ತಂದು ಹಚ್ಚಿದ. ಮೇಲೊಂದು ಬಟ್ಟೆ ಸುತ್ತಿದ. ಭರಮಣ್ಣನ ಬೆನ್ನಿಗೂ ಅದೇ ಮುಲಾಮು ಹಚ್ಚಲು ಹೋಗಿ ಮೊಣಕಾಲಿಗೆ ಒಂದು ಗುದ್ದು ತಿಂದ. ಆದರೂ ಬಿಡದೆ ಹಚ್ಚಿದ.

"ಹಂಡ, ಗಾಯಕ್ಕೆ ಬಾಯಿ ಹಾಕಬೇಡಪ್ಪ" ಎಂದು ಹೇಳಿ ಅವನು ಕುರಿಗಳ ಹಿಂದೆ ಹೋದ. ನಾಯಿಗೆ ಹೇಳಿದರೆ ಕೇಳುತ್ತದೆಯೇ? ನಿಮಗೆ ಸೊಳ್ಳೆ ಕಚ್ಚಿದ ಜಾಗ ಕೆರೆಯಬೇಡಿ ಎಂದರೆ ನೀವು ಕೇಳುತ್ತೀರಾ? ಹಂಡ ಹಲ್ಲಿನಿಂದ ಬಟ್ಟೆ ಎಳೆದು ಬಿಸಾಕಿದ. ಗಾಯವನ್ನು ನೆಕ್ಕತೊಡಗಿದ. ನೆಕ್ಕಿದಾಗ ನೋವು ಸ್ವಲ್ಪ ಕಡಿಮೆಯಾದಂತೆ ಅನ್ನಿಸುತ್ತಿತ್ತು. ಅನ್ನಿಸುತ್ತಿತ್ತು, ಅಷ್ಟೇ.

ಬೆಳಿಗ್ಗೆ ಕೆಂಚಕ್ಕ ಸಿರಿಯನ್ನು ಕರೆದುಕೊಂಡು ಬಂದಳು. ಅವಳ ಕಣ್ಣು ತುಂಬಿತ್ತು.

"ಹಂಡ, ನೀನು ಇಲ್ಲದಿದ್ದರೆ ಇವತ್ತು ನನ್ನ ಮಡಿಲು ಬರಿದಾಗಿರುತ್ತಿತ್ತು. ನಿನ್ನ ಋಣ ನಾನು ಹೇಗೆ ತೀರಿಸಲಪ್ಪ?"

"ಋಣ ಎಲ್ಲಿಂದ ಬಂತು ಕೆಂಚಕ್ಕ. ಮಂದೆ ಕಾಯೋದು ನನ್ನ ಕೆಲಸ" ಎಂದ ಹಂಡ.

"ಅದೆಲ್ಲ ನನಗೆ ಗೊತ್ತಿಲ್ಲ. ನಿನ್ನ ಕಾಲು ವಾಸಿ ಮಾಡೋದು ನನ್ನ ಕೆಲಸ. ಹೇಗೆ ಅಂತ ನನಗೆ ಗೊತ್ತು. ಸಿರಿ ಹುಟ್ಟಿದಾಗ ಅವಳ ಕಾಲು ನಾಲ್ಕೂ ನಾಲ್ಕು ಕಡೆಗೆ ಹೋಗುತ್ತಿದ್ದವು. ನಿಲ್ಲೋಕೇ ಆಗುತ್ತಿರಲಿಲ್ಲ. ನಾನು ಮೈಯೆಲ್ಲ ನೆಕ್ಕಿದೆ. ಎದ್ದು ನಿಂತಳು. ನಮ್ಮ ಮಂದೆಯಲ್ಲಿ ಎಲ್ಲರೂ ಎದ್ದು ನಿಂತದ್ದು ಹಾಗೇ. ಕಾಲಿಗೆ ಇದಕ್ಕಿಂತ ದೊಡ್ಡ ಮದ್ದಿಲ್ಲ."

ಹೀಗೆ ಹೇಳಿ ಕೆಂಚಕ್ಕ ಹಂಡನ ಗಾಯವನ್ನು ಚೆನ್ನಾಗಿ, ಪ್ರೀತಿಯಿಂದ, ಬಹಳ ಹೊತ್ತು ನೆಕ್ಕಿದಳು. ಅಳಿದುಳಿದ ಮುಲಾಮೆಲ್ಲ ಹೋಯಿತು. ಕಟ್ಟಿಕೊಳ್ಳುತ್ತಿದ್ದ ತೆಳ್ಳನೆ ಹಕ್ಕಳೆಯೂ ಹೋಯಿತು. ಹಂಡನಿಗೆ ಉರಿಯಿತು. ಆದರೆ ಅಷ್ಟು ಪ್ರೀತಿಯಿಂದ ಬಂದವಳಿಗೆ ಬೇಡ ಎನ್ನುವುದು ಹೇಗೆ? ಹಲ್ಲು ಕಚ್ಚಿ ಸುಮ್ಮನಿದ್ದ.

ಒಂದು ಕುರಿ ಹಳ್ಳ ದಾಟಿದರೆ ಉಳಿದ ಕುರಿಗಳೂ ಹಿಂದೆಯೇ ದಾಟುವುದನ್ನು ನೀವು ನೋಡಿರುತ್ತೀರಿ. ಇಲ್ಲೂ ಅದೇ ಆಯಿತು. ಕೆಂಚಕ್ಕ ನೆಕ್ಕಿದ್ದನ್ನು ಪಕ್ಕದ ಕುರಿ ನೋಡಿತು. ತಾನೂ ಬಂದಿತು. ಅದನ್ನು ನೋಡಿ ಇನ್ನೊಂದು. ಸ್ವಲ್ಪ ಹೊತ್ತಿಗೆ ಹಂಡನ ಮುಂದೆ ಕುರಿಗಳ ಸಾಲೇ ನಿಂತಿತು.

"ನಮ್ಮನ್ನೆಲ್ಲ ಕಾಯುವವನು ನೀನು" ಎಂದಿತು ಒಂದು.

"ನಿನ್ನಂಥವನು ಇನ್ನೊಬ್ಬ ಇಲ್ಲ" ಎಂದಿತು ಮತ್ತೊಂದು.

ಒಬ್ಬೊಬ್ಬರದೂ ಒಂದು ಒಳ್ಳೆಯ ಮಾತು, ಒಂದು ನೆಕ್ಕು. ಮುದಿ ಟಗರು ದೊಡ್ಡಯ್ಯ ಮಾತ್ರ ನೆಕ್ಕಿ ಮುಗಿಸಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ.

ಭರಮಣ್ಣ ದೂರದಿಂದ ನೋಡುತ್ತಿದ್ದ. "ದೊಡ್ಡಯ್ಯ, ನಿನ್ನದು ಆಗಲೇ ಆಯ್ತಲ್ಲ?"

"ನನಗೆ ಕೃತಜ್ಞತೆ ಸ್ವಲ್ಪ ಜಾಸ್ತಿ" ಎಂದ ದೊಡ್ಡಯ್ಯ.

"ಕೃತಜ್ಞತೆಯೋ, ಗಾಯದ ಉಪ್ಪಿನ ರುಚಿಯೋ?"

ದೊಡ್ಡಯ್ಯ ಕಿವಿ ಕೇಳಿಸದವನ ಹಾಗೆ ಬೇರೆ ಕಡೆ ನೋಡಿದ.

ಇದು ದಿನಾ ನಡೆಯಿತು. ಬೆಳಿಗ್ಗೆ ಮೇಯಲು ಹೋಗುವ ಮೊದಲು ಒಂದು ಸಾಲು. ಸಂಜೆ ಬಂದ ಮೇಲೆ ಒಂದು ಸಾಲು. ಉಳಿದ ಹೊತ್ತಿನಲ್ಲಿ ಹಂಡನ ನಾಲಿಗೆ ಇದ್ದೇ ಇತ್ತು. ಯಜಮಾನ ದಿನವೂ ಗಾಯ ತೊಳೆದು ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಿದ್ದ. ಅವನು ಬೆನ್ನು ತಿರುಗಿಸಿದ ಕೂಡಲೇ ಬಟ್ಟೆಯೂ ಇಲ್ಲ, ಮುಲಾಮೂ ಇಲ್ಲ.

ಗಾಯ ಒಣಗಲಿಲ್ಲ. ಅಂಚು ಕೆಂಪಗೆ ಊದಿತು. ನಡುವೆ ಕೀವು ತುಂಬಿತು. ನೊಣಗಳು ಬಂದವು. ಹಂಡ ಎದ್ದರೆ ಮೂರೇ ಕಾಲಿನಲ್ಲಿ ಕುಂಟುತ್ತಿದ್ದ. ಆಮೇಲೆ ಏಳುವುದನ್ನೇ ಬಿಟ್ಟ. ಮುದ್ದೆ ಹಾಗೇ ಉಳಿಯತೊಡಗಿತು. ಕಾಗೆಗೆ ಹಬ್ಬ.

ಒಂದು ಬೆಳಿಗ್ಗೆ ಯಜಮಾನ ಹಂಡನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಲೆ ಸವರುತ್ತ ಹೇಳಿದ: "ಜೋಳದ ಕೊಯ್ಲು ಮುಗಿಯುತ್ತಾ ಬಂತು. ಆಚೆ ಊರಿನವರು ಗೊಬ್ಬರಕ್ಕೆ ಹೊಲದಲ್ಲಿ ಮಂದೆ ನಿಲ್ಲಿಸಿ ಅಂತ ಕರೀತಿದ್ದಾರೆ. ನಾವು ಹೊರಡಲೇಬೇಕು. ನೀನು ನಡೆಯೋ ಹಾಗಿಲ್ಲ. ನಿನ್ನನ್ನು ಇಲ್ಲೇ ಕೆರೆ ಪಕ್ಕದ ಇಟ್ಟಿಗೆ ಭಟ್ಟಿಯವರ ಹತ್ತಿರ ಬಿಟ್ಟು ಹೋಗ್ತೀನಿ ಮಗಾ. ಒಳ್ಳೆಯ ಜನ. ಊಟಕ್ಕೇನೂ ತೊಂದರೆ ಇಲ್ಲ."

ಹೇಳಿ ಮುಗಿಸಿ, ಹಂಡನ ಮುಖ ನೋಡದೆ, ಎದ್ದು ಬೇಗ ಬೇಗ ಹೋದ.

ಹಂಡ ಹುಟ್ಟಿದ್ದೇ ಮಂದೆಯಲ್ಲಿ. ಕಣ್ಣು ಬಿಟ್ಟಾಗ ನೋಡಿದ್ದು ಕುರಿಗಳನ್ನು. ಅವುಗಳ ಉಣ್ಣೆಯ ಬಿಸಿಯಲ್ಲಿ ಮಲಗಿ ಬೆಳೆದವನು. ಮಂದೆ ಬಿಟ್ಟು ಇರುವುದು ಎಂದರೆ ಏನು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಮೂತಿಯನ್ನು ಮುಂಗಾಲುಗಳ ನಡುವೆ ಇಟ್ಟು ಕಣ್ಣು ಮುಚ್ಚಿದ.

ಯಜಮಾನ ಹೇಳಿದ್ದು ಕೆಂಚಕ್ಕನಿಗೂ ಕೇಳಿಸಿತ್ತು. ಅವಳು ಎಲ್ಲರನ್ನೂ ಕೂಡಿಸಿದಳು.

"ಹಂಡನನ್ನು ಬಿಟ್ಟು ಹೋಗ್ತಾರಂತೆ. ನಾವು ಮಾಡ್ತಿರೋದು ಸಾಲದು. ಇನ್ನೂ ಜಾಸ್ತಿ ನೆಕ್ಕಬೇಕು. ಮಧ್ಯಾಹ್ನವೂ ಒಂದು ಸಾಲು ನಿಲ್ಲೋಣ."

"ಆಗಲಿ, ಆಗಲಿ" ಎಂದ ದೊಡ್ಡಯ್ಯ.

ನೋಡಿ ಮಕ್ಕಳೇ, ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅದಕ್ಕೇ ನನಗೆ ಈ ಕತೆ ಹೇಳುವಾಗ ಸಂಕಟವಾಗುವುದು. ಕೆಟ್ಟ ಮನಸ್ಸಿನವರಾಗಿದ್ದರೆ ಬೈದು ಓಡಿಸಬಹುದಿತ್ತು.

ಆ ದಿನ ಮೇಯುವಾಗ ಕೆಂಚಕ್ಕನಿಗೆ ಒಂದು ವಿಷಯ ನೆನಪಾಯಿತು. ತೋಳ ಬಂದ ಸಂಜೆ ಭರಮಣ್ಣನಿಗೂ ಗಾಯವಾಗಿತ್ತಲ್ಲ. ಅವನನ್ನು ಯಾರೂ ವಿಚಾರಿಸಲೇ ಇಲ್ಲ. ಪಾಪ, ಅವನ ಬೆನ್ನು ಏನಾಗಿದೆಯೋ. ಹಂಡನ ಕಾಲೇ ಹೀಗಾಗಿರುವಾಗ ಯಾರೂ ನೋಡಿಕೊಳ್ಳದ ಬೆನ್ನು ಕೊಳೆತೇ ಹೋಗಿರಬೇಕು.

ಅವಳು ಅವನ ಹತ್ತಿರ ಹೋದಳು. "ಭರಮಣ್ಣ, ತಪ್ಪಾಯ್ತು. ನಿನ್ನನ್ನು ಮರೆತೇಬಿಟ್ಟಿದ್ದೆವು. ತಿರುಗು, ಬೆನ್ನು ನೆಕ್ಕಿ ಕೊಡ್ತೀನಿ."

"ಹತ್ತಿರ ಬಂದರೆ ಸರಿ ಇರೋಲ್ಲ ನೋಡು."

"ನಾಚಿಕೆ ಯಾಕೆ? ತಿರುಗು ಅಂದರೆ."

ಭರಮಣ್ಣ ತಿರುಗಲಿಲ್ಲ. ಕೊಂಬು ಬಗ್ಗಿಸಿ ಒಂದು ಗುದ್ದು ಕೊಟ್ಟ. ಕೆಂಚಕ್ಕ ಹುಲ್ಲಿನ ಮೇಲೆ ಕುಕ್ಕರಿಸಿದಳು. ಬೀಳುವಾಗ ಅವನ ಬೆನ್ನು ಅವಳ ಕಣ್ಣಿಗೆ ಬಿತ್ತು. ಅಲ್ಲಿ ಕೀವಿರಲಿಲ್ಲ. ಊತ ಇರಲಿಲ್ಲ. ಒಣಗಿದ ಹಕ್ಕಳೆ ಉದುರಿ ಕೆಳಗೆ ಹೊಸ ಚರ್ಮ ಬಂದಿತ್ತು. ಸಣ್ಣ ಕೂದಲು ಕೂಡ ಚಿಗುರಿತ್ತು.

ಕೆಂಚಕ್ಕ ಬಿದ್ದಲ್ಲೇ ಕೂತು ಕೇಳಿದಳು: "ಇದನ್ನು ಯಾರು ನೆಕ್ಕಿದರು?"

"ನೆಕ್ಕೋಕೆ ಯಾರಿಗೆ ಧೈರ್ಯ ಇದೆ?"

"ನೀನೇ ನೆಕ್ಕಿಕೊಂಡೆಯಾ?"

"ನಡುಬೆನ್ನಿಗೆ ನಾಲಿಗೆ ಮುಟ್ಟುತ್ತದಾ? ಮುಟ್ಟಿದ್ದರೆ ನಾನೂ ನೆಕ್ಕುತ್ತಿದ್ದೆನೋ ಏನೋ. ತುರಿಕೆ ಬಂದಾಗ ಜೀವ ಹೋಗುತ್ತಿತ್ತು. ಏನೂ ಮಾಡೋಕಾಗದೆ ಸುಮ್ಮನಿದ್ದೆ. ಅದರಷ್ಟಕ್ಕೆ ಅದು ಒಣಗಿತು."

ಕೆಂಚಕ್ಕ ಮಾತಾಡಲಿಲ್ಲ. ಮಾತಿನ ಮಲ್ಲಿ ಕೆಂಚಕ್ಕ, ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ಭರಮಣ್ಣ ಹಿಂದೆ ನೋಡಿರಲಿಲ್ಲ. ಅವನಿಗೇ ಗಾಬರಿಯಾಯಿತು.

"ಪೆಟ್ಟು ಜೋರಾಗಿ ಬಿತ್ತಾ?"

"ಭರಮಣ್ಣ," ಎಂದಳು ಅವಳು ಮೆಲ್ಲಗೆ, "ಇಬ್ಬರಿಗೂ ಗಾಯ ಮಾಡಿದ್ದು ಅದೇ ತೋಳ. ಇಬ್ಬರಿಗೂ ಹಚ್ಚಿದ್ದು ಅದೇ ಮುಲಾಮು. ನಿನ್ನ ಹತ್ತಿರ ಯಾರೂ ಬರಲಿಲ್ಲ, ನೀನು ವಾಸಿಯಾದೆ. ಅವನ ಹತ್ತಿರ ನಾವೆಲ್ಲ ಹೋದೆವು. ನನ್ನ ಮಗಳನ್ನು ಉಳಿಸಿದವನ ಕಾಲನ್ನು ನಾನೇ ಕೆಡಿಸಿದೆ. ತೋಳ ಕಚ್ಚಿದ್ದು ಒಂದೇ ಸಲ. ನಾವು ದಿನಾ ಕಚ್ಚಿದ ಹಾಗಾಯ್ತು."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

ಭರಮಣ್ಣನಿಗೆ ಅಳುವವರನ್ನು ಸಮಾಧಾನ ಮಾಡಿ ಅಭ್ಯಾಸವಿಲ್ಲ. ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿದ. ಆಮೇಲೆ ಹೇಳಿದ: "ಅತ್ತದ್ದು ಸಾಕು. ಯಜಮಾನ ಇನ್ನೂ ಹೊರಟಿಲ್ಲ. ಏಳು."

ಅವತ್ತು ಸಂಜೆ ಸಾಲು ನಿಲ್ಲಲು ಬಂದ ಕುರಿಗಳಿಗೆ ಕೆಂಚಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. "ಇನ್ನು ಮೇಲೆ ಹಂಡನನ್ನು ಯಾರೂ ಮುಟ್ಟಬಾರದು. ಅವನ ಸುತ್ತ ಜಾಗ ಬಿಡಿ. ಅವನು ಮಲಗೋ ದಿಬ್ಬದ ಮೇಲೆ ನೀವು ಮಲಗಬೇಡಿ, ಹಿಕ್ಕೆ ಹಾಕಬೇಡಿ. ಹಿಕ್ಕೆ ಇದ್ದರೆ ನೊಣ ಬರುತ್ತೆ."

"ಹಾಗಾದರೆ ನಾವು ಕೃತಜ್ಞತೆ ತೋರಿಸೋದು ಹೇಗೆ? ದೂರ ಕೂತರೆ ಅದೂ ಒಂದು ಉಪಕಾರವಾ?" ಎಂದ ದೊಡ್ಡಯ್ಯ.

"ಸದ್ಯಕ್ಕೆ ಅದೇ ಉಪಕಾರ" ಎಂದಳು ಕೆಂಚಕ್ಕ.

ಕುರಿಗಳಿಗೆ ಅದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುವ ಜಾತಿ ಅದು. ಆದರೂ ಬಿಟ್ಟವು. ಬಿಡದವರಿಗೆ ಭರಮಣ್ಣನಿದ್ದ. ಅವನು ಹಂಡನ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಕೊಂಬು ತೋರಿಸಿದ. ಸಿಡುಕು ಸ್ವಭಾವಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ಎಂದು ಅವನಿಗೆ ಒಳಗೊಳಗೇ ಖುಷಿ.

ಆದರೆ ಹಂಡನ ನಾಲಿಗೆ? ಅದಕ್ಕೆ ಯಾರು ಕೊಂಬು ತೋರಿಸುವುದು?

"ನೆಕ್ಕಬೇಡ ಹಂಡ" ಎನ್ನುತ್ತಿದ್ದಳು ಕೆಂಚಕ್ಕ.

"ಇಲ್ಲ ಕೆಂಚಕ್ಕ" ಎನ್ನುತ್ತಿದ್ದ ಹಂಡ. ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಮಾತು ಮುಗಿಯುವ ಮೊದಲೇ ತಲೆ ತಾನಾಗಿ ತೊಡೆಯ ಕಡೆ ತಿರುಗುತ್ತಿತ್ತು. ಕಣ್ಣು ಮುಚ್ಚಿದರಂತೂ ನಾಲಿಗೆಗೆ ಯಾರ ಹಂಗೂ ಇಲ್ಲ.

ದಾರಿ ತೋರಿಸಿದ್ದು ಯಾರ ಬುದ್ಧಿಯೂ ಅಲ್ಲ, ಸಿರಿಯ ಹೊಟ್ಟೆಬಾಕತನ. ಯಜಮಾನನ ಬಿಡಾರದ ಪಕ್ಕ ಹುರುಳಿ ಹಾಕುವ ಬಿದಿರು ಬುಟ್ಟಿಯೊಂದು ಬಿದ್ದಿತ್ತು. ತಳ ಕಿತ್ತು ತೂತಾಗಿ ಹೋಗಿದ್ದರಿಂದ ಯಾರಿಗೂ ಬೇಡವಾಗಿತ್ತು. ಒಳಗೆ ನಾಲ್ಕು ಕಾಳು ಅಂಟಿಕೊಂಡಿರಬಹುದು ಎಂದು ಸಿರಿ ತಳದ ತೂತಿನಿಂದ ತಲೆ ತೂರಿಸಿದಳು. ತಲೆ ಒಳಗೆ ಹೋಯಿತು, ಕಿವಿಗಳು ಅಡ್ಡವಾಗಿ ನಿಂತವು, ವಾಪಸು ಬರಲಿಲ್ಲ. ಈಗ ಬುಟ್ಟಿ ಅವಳ ಕೊರಳಲ್ಲಿ, ಅದರ ಅಗಲ ಬಾಯಿ ಮುಖದ ಮುಂದೆ.

ಹೆದರಿ ತಾಯಿಯ ಹತ್ತಿರ ಓಡಿಬಂದಳು. ಹೆದರಿಕೆಯಾದರೆ ಮರಿಗಳಿಗೆ ಹಾಲು ಬೇಕು. ಕೆಚ್ಚಲಿಗೆ ಬಾಯಿ ಹಾಕಲು ಹೋದಳು. ಬುಟ್ಟಿಯ ಅಂಚು ಕೆಂಚಕ್ಕನ ಹೊಟ್ಟೆಗೆ ಬಡಿಯಿತು. ಇನ್ನೊಂದು ಕಡೆಯಿಂದ ಹೋದಳು. ಮತ್ತೆ ಬಡಿಯಿತು. ಹಾಲು ಕಣ್ಣ ಮುಂದೆಯೇ ಇದೆ, ಬಾಯಿ ಮಾತ್ರ ಮುಟ್ಟುತ್ತಿಲ್ಲ.

ಕೆಂಚಕ್ಕ ಮೊದಲು ಬೈಯಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಅವಳು ಸಿರಿಯನ್ನು ನೋಡಿದಳು, ಹಂಡನನ್ನು ನೋಡಿದಳು.

"ಭರಮಣ್ಣ, ಬೇಗ ಬಾ. ಈ ಬುಟ್ಟಿ ಬಿಡಿಸು."

ಬಿಡಿಸಿದ ಬುಟ್ಟಿಯನ್ನು ಉರುಳಿಸಿಕೊಂಡು ಹಂಡನ ಹತ್ತಿರ ತಂದರು. ಕೆಂಚಕ್ಕ ಬುಟ್ಟಿಯನ್ನು ಜಾಲಿ ಮರದ ಬುಡಕ್ಕೆ ಒತ್ತಿ ಹಿಡಿದಳು.

"ತಲೆ ತೂರಿಸು" ಎಂದಳು.

ಹಂಡನಿಗೆ ನಾಚಿಕೆಯಾಯಿತು. "ಮಂದೆ ಕಾಯೋ ನಾಯಿ ನಾನು. ಕೊರಳಿಗೆ ಹುರುಳಿ ಬುಟ್ಟಿ ಹಾಕಿಕೊಂಡು ಕೂರಲಾ? ಬಯಲಿನ ಆ ತುದಿಯಲ್ಲಿರೋ ಪಕ್ಕದ ಮಂದೆಯ ನಾಯಿಗಳು ನೋಡಿದರೆ ಏನು ಅಂದಾವು?"

"ಇಟ್ಟಿಗೆ ಭಟ್ಟಿಯ ನಾಯಿಗಳು ಏನು ಅಂತಾವೆ ಅಂತ ಯೋಚನೆ ಮಾಡು" ಎಂದ ಭರಮಣ್ಣ. ಹಂಡ ಇನ್ನೊಂದು ಮಾತು ಹುಡುಕುವಷ್ಟರಲ್ಲಿ ಹಿಂದಿನಿಂದ ಹಣೆಕೊಟ್ಟು ಒಂದು ನೂಕು ನೂಕಿದ. ತಲೆ ಬುಟ್ಟಿಯೊಳಗೆ ಹೋಯಿತು.

ಹಂಡ ಎಡಕ್ಕೆ ತಿರುಗಿದ. ಅಂಚು ಅಡ್ಡ ಬಂತು. ಬಲಕ್ಕೆ ತಿರುಗಿದ. ಅಡ್ಡ ಬಂತು. ನಾಲಿಗೆ ಚಾಚಿ ಚಾಚಿ ಸೋತ. ತೊಡೆ ಮುಟ್ಟಲಿಲ್ಲ.

ಯಜಮಾನ ಬಂದು ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಂತಿತು. ಗಾಯವನ್ನೂ ಬುಟ್ಟಿಯನ್ನೂ ಒಮ್ಮೆ ನೋಡಿದ. "ಇದು ನನಗೆ ಹೊಳೀಲಿಲ್ಲವಲ್ಲ" ಎಂದುಕೊಂಡ. ಬುಟ್ಟಿಯ ತಳದ ಚೂಪು ಕಡ್ಡಿಗಳು ಚುಚ್ಚದಂತೆ ಅಂಚಿಗೆ ಮೆತ್ತನೆ ಬಟ್ಟೆ ಸುತ್ತಿದ. ಉಣ್ಣೆಯ ಹುರಿಯಿಂದ ಬುಟ್ಟಿಯನ್ನು ಕೊರಳಪಟ್ಟಿಗೆ ಕಟ್ಟಿದ, ಬಿಗಿಯೂ ಅಲ್ಲ ಸಡಿಲವೂ ಅಲ್ಲ. ಗಾಯ ತೊಳೆದು, ಒರೆಸಿ, ಮುಲಾಮು ಹಚ್ಚಿದ. ಊಟದ ಹೊತ್ತಿಗೆ ಬಂದು ಮುದ್ದೆಯನ್ನು ಚೂರು ಮಾಡಿ ಬಾಯಿಗೇ ಕೊಟ್ಟ. ನೀರಿನ ಬೋಗುಣಿ ಎತ್ತಿ ಹಿಡಿದ.

ಪಕ್ಕದ ಮಂದೆಯ ನಾಯಿಗಳು ನಗದೆ ಇರುತ್ತವೆಯೇ? "ಹಂಡಣ್ಣ, ಸಂತೆಗೆ ಹೊರಟೆಯಾ? ನಮಗೂ ಹುರುಳಿ ತಗೊಂಡು ಬಾ" ಎಂದವು. ಹಂಡ ತಲೆ ಬಗ್ಗಿಸಲು ನೋಡಿದ. ಬುಟ್ಟಿ ನೆಲಕ್ಕೆ ತಾಗಿತು. ಭರಮಣ್ಣ ಎದ್ದು ಹೋಗಿ ಆ ನಾಯಿಗಳನ್ನು ಅರ್ಧ ಬಯಲು ಓಡಿಸಿ ಬಂದ.

ಊತ ಇಳಿಯಿತು. ಕೀವು ನಿಂತಿತು. ಗಾಯದ ಮೇಲೆ ಗಟ್ಟಿ ಹಕ್ಕಳೆ ಕಟ್ಟತೊಡಗಿತು. ಹಂಡ ನಾಲ್ಕನೇ ಕಾಲನ್ನು ಮೆಲ್ಲಗೆ ನೆಲಕ್ಕೆ ಊರಲು ಶುರುಮಾಡಿದ. ಎಲ್ಲ ಸರಿಹೋಯಿತು ಎಂದುಕೊಂಡಿರಾ? ಕಷ್ಟ ಶುರುವಾದದ್ದೇ ಆಗ. ವಾಸಿಯಾಗುವ ಗಾಯಕ್ಕೆ ತುರಿಕೆ ಬರುತ್ತದೆ. ನೋವನ್ನಾದರೂ ತಡೆಯಬಹುದು, ತುರಿಕೆ ತಡೆಯುವುದು ಯಾರಿಂದಲೂ ಆಗದು.

ಒಂದು ಮಧ್ಯಾಹ್ನ ಉರಿ ಬಿಸಿಲು. ಮಂದೆ ದೂರ ಮೇಯುತ್ತಿತ್ತು, ಭರಮಣ್ಣನೂ ಅಲ್ಲೇ ಇದ್ದ. ಸಿರಿಗೆ ಹಾಲು ಕುಡಿಸಲು ಕೆಂಚಕ್ಕ ಒಬ್ಬಳೇ ವಾಪಸು ಬಂದಿದ್ದಳು. ಹಂಡ ನೆರಳಿನಲ್ಲಿ ಒದ್ದಾಡುತ್ತಿದ್ದ. ಬುಟ್ಟಿಯನ್ನು ನೆಲಕ್ಕೆ ತಿಕ್ಕುತ್ತಿದ್ದ, ಮರಕ್ಕೆ ಬಡಿಯುತ್ತಿದ್ದ.

"ಕೆಂಚಕ್ಕ, ಈ ಹುರಿ ಕಡಿದುಬಿಡು. ನಿನ್ನ ಹಲ್ಲಿಗೆ ಇದು ಹುಲ್ಲಿನ ಹಾಗೆ."

"ಬೇಡ ಹಂಡ."

"ಒಂದೇ ಸಲ. ಒಂದು ಸಲ ನೆಕ್ಕಿ ಮತ್ತೆ ಹಾಕಿಕೊಳ್ತೀನಿ."

"ಬೇಡಪ್ಪ."

"ತೋಳ ಬಂದರೆ ಈ ಬುಟ್ಟಿ ಇಟ್ಟುಕೊಂಡು ನಾನೇನು ಮಾಡಲಿ?"

"ಯಜಮಾನ ಇದ್ದಾನೆ, ಟಗರುಗಳಿವೆ. ಅದರ ಚಿಂತೆ ನಿನಗೆ ಬೇಡ."

ಹಂಡ ಹೀಗೆ ಯಾವತ್ತೂ ಯಾರನ್ನೂ ಬೇಡಿದವನಲ್ಲ. ಅವನ ಕಣ್ಣಲ್ಲಿ ನೀರು ನಿಂತಿತ್ತು. ನೋಡಲಾರದೆ ಕೆಂಚಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಹುರಿ ಅವಳ ಬಾಯಿಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಒಂದು ಸಲ ಕಚ್ಚಿದರೆ ಸಾಕು, ಅವನ ಸಂಕಟ ತೀರುತ್ತದೆ. ತನ್ನ ಮಗಳಿಗಾಗಿ ಪ್ರಾಣ ಒತ್ತೆಯಿಟ್ಟವನು ಕೇಳುತ್ತಿದ್ದಾನೆ. ಕೊಡುವುದೇ ನ್ಯಾಯ ಎಂದು ಅವಳ ಮನಸ್ಸು ಹೇಳಿತು. ಆಮೇಲೆ ಅವಳಿಗೆ ಇಟ್ಟಿಗೆ ಭಟ್ಟಿಯ ನೆನಪಾಯಿತು. ಹೆಜ್ಜೆ ಹಿಂದಕ್ಕಿಟ್ಟಳು.

ಹಂಡನಿಗೆ ಸಿಟ್ಟು ಬಂತು. ಆ ಮಂದೆಯಲ್ಲಿ ಯಾರೂ ಅವನ ಸಿಟ್ಟು ಕಂಡಿರಲಿಲ್ಲ.

"ನಿನ್ನ ಮಗಳನ್ನು ತೋಳದ ಬಾಯಿಂದ ತಂದವನು ನಾನು. ಅದು ನೆನಪಿದೆಯಾ? ಅವತ್ತು ನಾನೂ ಹೀಗೇ ಬೇಡ ಅಂದಿದ್ದರೆ ಗೊತ್ತಾಗುತ್ತಿತ್ತು ನಿನಗೆ. ಇಷ್ಟೇನಾ ನಿನ್ನ ಉಪಕಾರ ಸ್ಮರಣೆ?"

ಹಾಲು ಕುಡಿಯುತ್ತಿದ್ದ ಸಿರಿ ಬಾಯಿ ತೆಗೆದು ತಾಯಿಯ ಕಾಲಿನ ಸಂದಿಗೆ ಸರಿದಳು.

"ನೆನಪಿದೆ ಹಂಡ," ಎಂದಳು ಕೆಂಚಕ್ಕ, "ನೆನಪಿರೋದಕ್ಕೇ ಬೇಡ ಅಂತಿದ್ದೀನಿ. ನೆನಪಿಲ್ಲದವಳಾಗಿದ್ದರೆ ಯಾವಾಗಲೋ ಕಡಿದು ಕೊಟ್ಟು, ನಿನ್ನ ಹತ್ತಿರ ಒಳ್ಳೆಯವಳು ಅನ್ನಿಸಿಕೊಂಡು ಹೋಗುತ್ತಿದ್ದೆ. ನನ್ನನ್ನು ಬೈಯಿ. ಇನ್ನೂ ಬೈಯಿ. ನಾನು ಇಲ್ಲಿಂದ ಏಳೋಲ್ಲ, ಹುರಿಯನ್ನೂ ಮುಟ್ಟೋಲ್ಲ."

ಹಾಗೆಂದವಳು ಅವನಿಂದ ಸ್ವಲ್ಪ ದೂರದಲ್ಲಿ, ಬಿಸಿಲಲ್ಲೇ ಕೂತಳು. ನೆರಳನ್ನೆಲ್ಲ ಅವನಿಗೇ ಬಿಟ್ಟಳು. ಹಂಡ ಗೊಣಗಿದ, ಗುರುಗುಟ್ಟಿದ, ಮುಖ ತಿರುಗಿಸಿಕೊಂಡ. ಕೆಂಚಕ್ಕ ಮೆಲುಕು ಹಾಕುವುದನ್ನೂ ಮರೆತು ಕೂತೇ ಇದ್ದಳು. ಬಿಸಿಲು ಇಳಿಯುವ ಹೊತ್ತಿಗೆ ತುರಿಕೆಯೂ ಸ್ವಲ್ಪ ಇಳಿಯಿತು. ಹಂಡನಿಗೆ ನಿದ್ದೆ ಬಂತು.

ಜೋಳದ ಕೊಯ್ಲು ಮುಗಿಯಿತು. ಹೊರಡುವ ಬೆಳಿಗ್ಗೆ ಯಜಮಾನ ಹಂಡನ ಹತ್ತಿರ ಬಂದ. ಹಕ್ಕಳೆ ಪೂರ್ತಿ ಉದುರಿತ್ತು. ತೊಡೆಯ ಮೇಲೆ ಹೊಸ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ಅವನು ಹುರಿ ಬಿಚ್ಚಿ ಬುಟ್ಟಿ ತೆಗೆದ. ತೊಡೆಯನ್ನು ಮೆಲ್ಲಗೆ ಒತ್ತಿ ನೋಡಿದ. ಹಂಡ ನರಳಲಿಲ್ಲ.

"ನಡಿ ನೋಡೋಣ" ಎಂದ.

ಮಂದೆಯೆಲ್ಲ ಉಸಿರು ಹಿಡಿದು ನಿಂತಿತು. ಹಂಡ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಸ್ವಲ್ಪ ಕುಂಟಿದ, ಸರಿಮಾಡಿಕೊಂಡ. ಆಮೇಲೆ ಮಂದೆಯ ಸುತ್ತ ಒಂದು ಸುತ್ತು ಓಡಿ ಬಂದ. ಯಜಮಾನ ಬೇರೆ ಕಡೆ ತಿರುಗಿ ಟವೆಲಿನಿಂದ ಮುಖ ಒರೆಸಿಕೊಂಡ. ಇಟ್ಟಿಗೆ ಭಟ್ಟಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮಂದೆ ಹೊರಟಿತು. ಮುಂದೆ ಭರಮಣ್ಣ, ಹಿಂದೆ ಕುರಿಗಳು. ಹಂಡ ಕೆಂಚಕ್ಕನನ್ನು ಹುಡುಕಿಕೊಂಡು ಬಂದು ಅವಳ ಪಕ್ಕದಲ್ಲಿ ನಡೆಯತೊಡಗಿದ. ಕೆರೆ ಹಿಂದೆ ಮರೆಯಾಯಿತು.

"ಕೆಂಚಕ್ಕ, ಅವತ್ತು ನಾನು ಆಡಬಾರದ ಮಾತು ಆಡಿದೆ" ಎಂದ ಕೊನೆಗೆ.

"ಅದು ತುರಿಕೆ ಆಡಿದ ಮಾತು. ನಾನು ಆಗಲೇ ಮರೆತೆ."

"ನಾನು ಮರೆಯೋಲ್ಲ. ಮಂದೆಯಲ್ಲಿ ಎಲ್ಲರೂ ನಾನು ಬಯಸಿದ್ದನ್ನು ಕೊಡುವವರೇ. ನಾನು ಬಯಸಿದ್ದನ್ನು ಕೊಡದೆ ಕೂತವಳು ನೀನೊಬ್ಬಳೇ. ಅದಕ್ಕೇ ಇವತ್ತು ಈ ದಾರಿಯಲ್ಲಿ ನಿಮ್ಮೆಲ್ಲರ ಜೊತೆ ನಡೀತಿದ್ದೀನಿ. ನೀನು ನನಗೆ ಮಾಡಿದ್ದು ದೊಡ್ಡದು."

ಕೆಂಚಕ್ಕ ಹಂಡನ ಕಾಲುಗಳನ್ನು ನೋಡಿದಳು. ನಾಲ್ಕೂ ಕಾಲುಗಳು ಧೂಳಿನಲ್ಲಿ ಒಂದೇ ಸಮನೆ ಹೆಜ್ಜೆ ಹಾಕುತ್ತಿದ್ದವು. ಅವಳು ಅದನ್ನೇ ನೋಡುತ್ತಾ ನಡೆದಳು.

ನೀತಿ: ಉಪಕಾರ ಮಾಡಿದವರಿಗೆ ನಮ್ಮ ಮನಸ್ಸಿಗೆ ಹಿತವಾದದ್ದನ್ನು ಮಾಡಿದರೆ ಸಾಲದು, ಅವರಿಗೆ ಒಳಿತಾಗುವುದನ್ನು ಮಾಡಬೇಕು, ಅವರೇ ಬೇಡವೆಂದು ಸಿಟ್ಟಾದರೂ ಸರಿ.